ಮರದ ಕುದುರೆಯ ಜೀರ್ಣೋದ್ಧಾರ

ನಮ್ಮ ಊರುಗಳ ಕಡೆ ಹಳೆಯ ದೇವಸ್ಥಾನವೊಂದು ಶಿಥಿಲವಾದರೆ ಹತ್ತು ಜನ ಸೇರಿ ಜೀರ್ಣೋದ್ಧಾರ ಮಾಡುತ್ತಾರೆ. ಗೋಪುರಕ್ಕೆ ಹೊಸ ಬಣ್ಣ, ನೆಲಕ್ಕೆ ನುಣುಪಾದ ಹಾಸುಗಲ್ಲು, ಬಾಗಿಲಲ್ಲಿ ದಾನಿಗಳ ಹೆಸರಿನ ಫಲಕ. ಕೆಲಸ ಮುಗಿದ ದಿನ ಎಲ್ಲರಿಗೂ ಸಂತೋಷ. ಹಳೆಯ ಕಂಬದ ಮೇಲಿದ್ದ ನಾಲ್ಕು ಸಾಲು ಶಾಸನ ಬಣ್ಣದಡಿಯಲ್ಲಿ ಮುಚ್ಚಿಹೋಯಿತೆಂಬುದು ಯಾರಿಗಾದರೂ ಹೊಳೆಯುವ ಹೊತ್ತಿಗೆ ಕಾಲ ಮೀರಿರುತ್ತದೆ. ಇಂಥದೇ ತಪ್ಪನ್ನು ನಾವು ಇಂಗ್ಲೆಂಡಿನಲ್ಲಿ, ನಮ್ಮದೇ ಮನೆಯ ಗ್ಯಾರೇಜಿನಲ್ಲಿ ಮಾಡಿದೆವು. ದೇವಸ್ಥಾನಕ್ಕಲ್ಲ, ಒಂದು ಮರದ ಕುದುರೆಗೆ. ಆ ತಪ್ಪಿನಿಂದ ಕಲಿತದ್ದನ್ನೂ, ಕಲಿಯಲು ಹೊರಟಾಗ ತಿಳಿದುಬಂದ ಇತಿಹಾಸವನ್ನೂ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ಬಳಗದ ಬಂಧುಗಳೊಡನೆ ಹಂಚಿಕೊಳ್ಳಬೇಕೆನಿಸಿತು.

ಇಲ್ಲಿನವರು ರಾಕಿಂಗ್ ಹಾರ್ಸ್ ಎನ್ನುವ ಈ ಆಟಿಕೆಯನ್ನು ನೀವೆಲ್ಲರೂ ನೋಡಿರುತ್ತೀರಿ. ರಜಾದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ನ್ಯಾಷನಲ್ ಟ್ರಸ್ಟಿನ ದೊಡ್ಡ ಬಂಗಲೆಗಳಿಗೆ ಹೋದಾಗ, ಮಹಡಿಯ ಮೇಲಿನ ಮಕ್ಕಳ ಕೋಣೆಯ ಕಿಟಕಿಯ ಬಳಿ ಅದು ನಿಂತಿರುತ್ತದೆ. ಮೈಮೇಲೆ ಬೂದು ಬಣ್ಣದ ಮಚ್ಚೆ, ಕೆಂಪಗೆ ಅರಳಿದ ಮೂಗಿನ ಹೊಳ್ಳೆ, ಪಕ್ಕದಲ್ಲಿ ‘ದಯವಿಟ್ಟು ಮುಟ್ಟಬೇಡಿ’ ಎಂಬ ಚೀಟಿ. ತೊಟ್ಟಿಲನ್ನು ತೂಗುವ ಹಾಗೆ ತೂಗುವುದರಿಂದ ನಾವಿಲ್ಲಿ ಅದನ್ನು ತೂಗುಕುದುರೆ ಎಂದೇ ಕರೆಯುತ್ತೇವೆ.

ನಮ್ಮ ಮನೆಗೆ ಅದು ಬಂದದ್ದು ಪಕ್ಕದ ಮನೆಯ ಅಜ್ಜಿಯಿಂದ. ಅವರು ಮನೆ ಖಾಲಿ ಮಾಡಿ ವೃದ್ಧಾಶ್ರಮಕ್ಕೆ ಹೊರಟಾಗ, “ನಿಮ್ಮ ಮಕ್ಕಳು ಆಡಿಕೊಳ್ಳಲಿ” ಎಂದು ಕೊಟ್ಟರು. ಕುದುರೆಗೆ ಬಾಲವಿರಲಿಲ್ಲ, ಒಂದು ಕಿವಿ ಮುರಿದಿತ್ತು, ಮೈತುಂಬ ಬಾಗಿಲಿಗೆ ಬಳಿಯುವಂಥ ಕೆನೆ ಬಣ್ಣ. ಒಂದು ಶನಿವಾರ ಬೆಳಿಗ್ಗೆ ಉಪ್ಪುಕಾಗದ ಹಿಡಿದು ಕೂತೆವು. ಮಧ್ಯಾಹ್ನದ ಊಟದ ಹೊತ್ತಿಗೆ ಕತ್ತಿನ ಎಡಭಾಗ ಪೂರ್ತಿ ಬರಿಯ ಮರ ಕಾಣುವಷ್ಟು ಉಜ್ಜಿಯಾಗಿತ್ತು. ನೆಲದ ಮೇಲೆ ಬಿಳಿಯ ಹುಡಿ, ನಮ್ಮ ಮುಖದ ಮೇಲೆ ಹೆಮ್ಮೆ. ಮರುವಾರ ಬಾಲದ ಕೂದಲಿನ ವಿಚಾರ ಕೇಳಲೆಂದು ಈ ಕಸುಬಿನವರೊಬ್ಬರನ್ನು ಕರೆತಂದೆವು. ಅವರು ಕುದುರೆಯನ್ನು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಎರಡೇ ಪ್ರಶ್ನೆ: “ಈ ಹುಡಿಯನ್ನು ಏನು ಮಾಡಿದಿರಿ? ಉಜ್ಜುವಾಗ ಮಕ್ಕಳು ಇಲ್ಲಿದ್ದರೇ?”

ಕುದುರೆಯ ಹುಟ್ಟು

ಆ ಪ್ರಶ್ನೆಗಳ ಅರ್ಥ ತಿಳಿಯಬೇಕಾದರೆ ಮೊದಲು ಈ ಕುದುರೆಯ ಚರಿತ್ರೆ ತಿಳಿಯಬೇಕು. ಕೋಲಿನ ಮೇಲೆ ಕುದುರೆ ಸವಾರಿ ಮಾಡುವ ಆಟ ಎಲ್ಲ ದೇಶಗಳ ಮಕ್ಕಳಿಗೂ ಗೊತ್ತು. ನಮ್ಮ ಜಾತ್ರೆಗಳ ಕೀಲುಕುದುರೆ ಕುಣಿತದಲ್ಲಿ ದೊಡ್ಡವರೇ ಸೊಂಟಕ್ಕೆ ಕುದುರೆಯ ಆಕಾರ ಕಟ್ಟಿಕೊಂಡು ಸವಾರರಾಗುತ್ತಾರೆ. ಆದರೆ ನಿಂತಲ್ಲೇ ಹಿಂದಕ್ಕೂ ಮುಂದಕ್ಕೂ ತೂಗುವ ಕುದುರೆ ಯುರೋಪಿನಲ್ಲಿ ಕಾಣಿಸಿಕೊಳ್ಳುವುದು ಹದಿನೇಳನೆಯ ಶತಮಾನದ ಆರಂಭದಲ್ಲಿ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಆ ಕಾಲದ ಕುದುರೆಯೊಂದಿದೆ. ಅದು ದೊರೆ ಒಂದನೆಯ ಚಾರ್ಲ್ಸ್ ಬಾಲಕನಾಗಿದ್ದಾಗ ಆಡಿದ್ದೆಂಬ ಪ್ರತೀತಿ ಇದೆ. 1600ರಲ್ಲಿ ಹುಟ್ಟಿದ ಈ ರಾಜಕುಮಾರನ ಕಾಲುಗಳು ಬಾಲ್ಯದಲ್ಲಿ ದುರ್ಬಲವಾಗಿದ್ದು, ನಡೆಯಲು ಕಲಿತದ್ದು ತಡವಾಗಿ ಎಂಬುದನ್ನು ನೆನೆದರೆ ಆ ಪ್ರತೀತಿಗೆ ಒಂದು ಮಾನವೀಯ ಅರ್ಥ ಬರುತ್ತದೆ. ಅಂದಿನ ಕುದುರೆ ಈಗಿನಂತೆ ಚೆಂದದ್ದಲ್ಲ. ಎರಡು ಪಕ್ಕಕ್ಕೆ ಅರ್ಧಚಂದ್ರಾಕಾರದ ಹಲಗೆಗಳು, ನಡುವೆ ಕೂರುವ ಜಾಗ, ಮುಂದೆ ಕೆತ್ತಿದ ತಲೆ, ಅಷ್ಟೇ.

ಹದಿನೆಂಟನೆಯ ಶತಮಾನದಲ್ಲಿ ಬಡಗಿಗಳ ಕೈ ಪಳಗಿತು. ಹಲಗೆಗಳು ಹೋಗಿ ನಾಲ್ಕು ಕಾಲುಗಳುಳ್ಳ ನಿಜವಾದ ಕುದುರೆ ಬಂತು. ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿ ನಾಗಾಲೋಟದಲ್ಲಿರುವ ಭಂಗಿ. ಕಾಲುಗಳ ಕೆಳಗೆ ಬಿಲ್ಲಿನಂತೆ ಬಾಗಿದ ಎರಡು ಮರದ ಪಟ್ಟಿಗಳು. ಕುದುರೆ ಹೀಗೆ ನಾಲ್ಕು ಕಾಲನ್ನೂ ಏಕಕಾಲಕ್ಕೆ ಚಾಚಿ ಓಡುವುದಿಲ್ಲವೆಂದು 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಅಮೆರಿಕದಲ್ಲಿ ಸಾಲಾಗಿ ತೆಗೆದ ಫೋಟೋಗಳಿಂದ ತೋರಿಸಿಕೊಟ್ಟ. ಚಿತ್ರಕಾರರು ತಮ್ಮ ರೂಢಿಯನ್ನು ತಿದ್ದಿಕೊಂಡರು, ಆದರೆ ಆಟಿಕೆಯ ಬಡಗಿಗಳು ತಿದ್ದಿಕೊಳ್ಳಲಿಲ್ಲ. ಮಕ್ಕಳ ಕಣ್ಣಿಗೆ ಓಟವೆಂದರೆ ಹಾಗೆಯೇ ಇರಬೇಕಲ್ಲವೇ!

ಬೂದು ಮಚ್ಚೆಯ ಬಣ್ಣ ಇಷ್ಟು ಜನಪ್ರಿಯವಾದದ್ದಕ್ಕೂ ಒಂದು ಕಥೆಯಿದೆ. 1851ರಲ್ಲಿ ವಿಕ್ಟೋರಿಯಾ ರಾಣಿ ಲಿವರ್‌ಪೂಲಿಗೆ ಬಂದಾಗ ಅಲ್ಲಿನ ಕಾಲಿನ್‌ಸನ್ ಎಂಬ ಕುದುರೆ ತಯಾರಕರ ಕೆಲಸ ನೋಡಿ, ಮಚ್ಚೆಯುಳ್ಳ ಬೂದು ಕುದುರೆಯನ್ನು ಮೆಚ್ಚಿಕೊಂಡಳಂತೆ. ರಾಣಿಯ ಮೆಚ್ಚುಗೆ ಎಂದ ಮೇಲೆ ಶ್ರೀಮಂತರ ಮನೆಗಳೆಲ್ಲ ಅದನ್ನೇ ಬಯಸಿದವು. ಕಥೆ ಎಷ್ಟು ನಿಜವೋ, ಹತ್ತೊಂಬತ್ತನೆಯ ಶತಮಾನದ ದ್ವಿತೀಯಾರ್ಧದಲ್ಲಿ ಆ ಬಣ್ಣವೇ ಗೆದ್ದಿತೆಂಬುದು ಮಾತ್ರ ದಿಟ.

ಎರಡು ಬಗೆಯ ತೊಟ್ಟಿಲು

ಬಿಲ್ಲಿನಂಥ ಪಟ್ಟಿಯ ಮೇಲೆ ನಿಂತ ಕುದುರೆಗೆ ದೊಡ್ಡ ದೋಷವಿತ್ತು. ಜೋರಾಗಿ ತೂಗಿದರೆ ಮುಂದೆ ಮುಂದೆ ಸರಿಯುತ್ತಿತ್ತು, ಕೆಲವೊಮ್ಮೆ ಮಗುಚಿಕೊಳ್ಳುತ್ತಿತ್ತು. ಪಕ್ಕದಲ್ಲಿ ಕೂತ ತಮ್ಮನ ಬೆರಳು ಪಟ್ಟಿಯಡಿ ಸಿಕ್ಕುವುದು ಸಾಮಾನ್ಯವಾಗಿತ್ತು. ಇದಕ್ಕೆ ಪರಿಹಾರ ಬಂದದ್ದು ಅಮೆರಿಕದಿಂದ. ಸಿನ್ಸಿನಾಟಿಯ ಫಿಲಿಪ್ ಮಾರ್ಕ್ವಾ ಎಂಬುವನು 1880ರಲ್ಲಿ ಒಂದು ಪೀಠಕ್ಕೆ ಪೇಟೆಂಟ್ ಪಡೆದ. ನೆಲದ ಮೇಲೆ ಅಲುಗಾಡದೆ ನಿಲ್ಲುವ ಚೌಕಟ್ಟು, ಅದರ ಮೇಲೆ ಎರಡು ಕಂಬ, ಕಂಬಗಳ ತಲೆಗೆ ಒಂದು ಅಡ್ಡಪಟ್ಟಿ. ಅಡ್ಡಪಟ್ಟಿಯಿಂದ ಕಬ್ಬಿಣದ ತೂಗುಸಲಾಕೆಗಳು ಇಳಿಬಿದ್ದು, ಕುದುರೆಯ ಗೊರಸುಗಳನ್ನು ಹೊತ್ತ ಎರಡು ಮರದ ಪಟ್ಟಿಗಳನ್ನು ಹಿಡಿದುಕೊಂಡಿರುತ್ತವೆ. ಪೀಠ ನಿಂತಲ್ಲೇ ನಿಲ್ಲುತ್ತದೆ, ಕುದುರೆ ಮಾತ್ರ ತೂಗುತ್ತದೆ.

ಇದನ್ನು ತಿಳಿದಾಗ ನಮಗೆ ನೆನಪಾದದ್ದು ತೊಟ್ಟಿಲು. ಇಂಗ್ಲಿಷರ ಹಳೆಯ ತೊಟ್ಟಿಲಿಗೆ ಅಡಿಯಲ್ಲಿ ಬಾಗಿದ ಪಟ್ಟಿಗಳಿರುತ್ತವೆ, ಅದು ನೆಲದ ಮೇಲೆ ಉರುಳುತ್ತದೆ. ನಮ್ಮ ತೊಟ್ಟಿಲು ತೊಲೆಗೆ ಕಟ್ಟಿದ ಸರಪಳಿಯಲ್ಲಿ ತೂಗುತ್ತದೆ. ಮೊದಲು ಇವರ ತೊಟ್ಟಿಲಿನಂತಿದ್ದ ಕುದುರೆ 1880ರ ನಂತರ ನಮ್ಮ ತೊಟ್ಟಿಲಿನಂತಾಯಿತು ಎನ್ನಬಹುದು. ಹಳೆಯ ಕುದುರೆಯ ಕಾಲ ನಿರ್ಣಯಕ್ಕೂ ಇದೊಂದು ಗುರುತು. ಮೂಲತಃ ತೂಗುಸಲಾಕೆಯ ಪೀಠದ ಮೇಲೆಯೇ ಇದ್ದ ಕುದುರೆ 1880ಕ್ಕಿಂತ ಹಳೆಯದಾಗಿರಲಾರದು. ಆದರೆ ಬಿಲ್ಲಿನ ಪಟ್ಟಿಯ ಮೇಲಿದ್ದುದನ್ನು ಆಮೇಲೆ ಪೀಠಕ್ಕೆ ಏರಿಸಿರುವುದೂ ಉಂಟು. ಆದ್ದರಿಂದ ಗೊರಸಿನ ಅಡಿಯ ಹಳೆಯ ತೂತುಗಳನ್ನು ನೋಡಿಯೇ ಮಾತಾಡಬೇಕು.

ಲಂಡನ್ನಿನ ಎಫ್. ಎಚ್. ಏರ್ಸ್ ಕಂಪನಿಯ ಕುದುರೆಗಳು ಕೆತ್ತನೆಯ ಸೊಬಗಿಗೆ ಹೆಸರಾಗಿದ್ದವು. ಇದೇ ಕಂಪನಿ ಕ್ರೀಡಾ ಸಾಮಗ್ರಿಯನ್ನೂ ಮಾಡುತ್ತಿತ್ತು. 1902ರಲ್ಲಿ ಸ್ಲಾಜೆಂಜರ್ ಚೆಂಡುಗಳು ಬರುವ ಮುಂಚೆ ವಿಂಬಲ್ಡನ್ನಿನಲ್ಲಿ ಪುಟಿಯುತ್ತಿದ್ದುದು ಏರ್ಸ್ ಚೆಂಡುಗಳೇ. ಜಾರ್ಜ್ ಮತ್ತು ಜೋಸೆಫ್ ಲೈನ್ಸ್ ಸಹೋದರರದು ಇನ್ನೊಂದು ದೊಡ್ಡ ಹೆಸರು. ಜೋಸೆಫನ ಮೂವರು ಮಕ್ಕಳು 1919ರಲ್ಲಿ ಬೇರೆಯಾಗಿ ಲೈನ್ಸ್ ಬ್ರದರ್ಸ್ ಸ್ಥಾಪಿಸಿದರು. ‘ಲೈನ್’ ಎಂದರೆ ಗೆರೆ, ಮೂರು ಗೆರೆ ಸೇರಿದರೆ ತ್ರಿಕೋನ. ಹಾಗಾಗಿ ಅವರ ಸರಕಿನ ಹೆಸರು ‘ಟ್ರೈಆಂಗ್’ ಎಂದಾಯಿತು. 1931ರಲ್ಲಿ ಅವರು ಲಂಡನ್ನಿನ ಪ್ರಸಿದ್ಧ ಆಟಿಕೆ ಅಂಗಡಿ ಹ್ಯಾಮ್ಲೀಸನ್ನೂ ಕೊಂಡರು. ಅದೇ ಹ್ಯಾಮ್ಲೀಸ್ ಹಲವು ಕೈ ಬದಲಿಸಿ 2019ರಲ್ಲಿ ನಮ್ಮ ದೇಶದ ರಿಲಯನ್ಸ್ ಪಾಲಾದದ್ದು ಓದುಗರಿಗೆ ನೆನಪಿರಬಹುದು.

ಚರ್ಮದ ಕೆಳಗಿನ ಚರ್ಮ

ಈ ಕುದುರೆ ಒಂದೇ ಮರದ ದಿಮ್ಮಿಯಿಂದ ಕೆತ್ತಿದ್ದೆಂದು ನಾವು ತಿಳಿದಿದ್ದೆವು. ಹಾಗಲ್ಲ. ಹೊಟ್ಟೆ ಪೈನ್ ಮರದ ಹಲಗೆಗಳನ್ನು ಅಂಟಿಸಿ ಮಾಡಿದ ಪೆಟ್ಟಿಗೆ, ಒಳಗೆ ಟೊಳ್ಳು. ಕುದುರೆ ಹಗುರವಾಗಲಿ, ಮರ ಸೀಳದಿರಲಿ ಎಂಬುದು ಉದ್ದೇಶ. ಕತ್ತು, ತಲೆಗಳನ್ನು ಬೇರೆ ತುಂಡುಗಳಲ್ಲಿ ಕೆತ್ತಿ ಕೂಡಿಸುತ್ತಾರೆ. ಕಾಲುಗಳಿಗೆ ಭಾರ ತಡೆಯುವ ಗಟ್ಟಿ ಬೀಚ್ ಮರ. ಇವನ್ನೆಲ್ಲ ಹಿಡಿದಿಟ್ಟಿರುವುದು ನಮ್ಮ ಬಡಗಿಗಳು ಮರವಜ್ರ ಎನ್ನುವ, ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆದ ಅಂಟು.

ಕೆತ್ತನೆ ಮುಗಿದ ಮೇಲೆ ನೇರವಾಗಿ ಬಣ್ಣ ಬಳಿಯುವುದಿಲ್ಲ. ಸೀಮೆಸುಣ್ಣದ ನಯವಾದ ಪುಡಿಯನ್ನು ಬಿಸಿ ಅಂಟಿನಲ್ಲಿ ಕಲಸಿ, ಒಂದರ ಮೇಲೊಂದು ಹಲವು ಬಾರಿ ಲೇಪಿಸುತ್ತಾರೆ. ಇದಕ್ಕೆ ಜೆಸ್ಸೋ ಎಂದು ಹೆಸರು. ಬೆಸುಗೆಗಳು ಮುಚ್ಚುತ್ತವೆ, ಕುದುರೆಗೆ ನುಣುಪಾದ ಬಿಳಿಯ ಮೈ ಬರುತ್ತದೆ. ಅದರ ಮೇಲೆ ಬಣ್ಣ, ಮಚ್ಚೆ, ಕೊನೆಗೆ ವಾರ್ನಿಷ್. ನಂತರ ಗಾಜಿನ ಕಣ್ಣು, ನಿಜವಾದ ಕುದುರೆಯ ಕೂದಲಿನ ಬಾಲ, ಚರ್ಮದ ಜೀನು, ಲಗಾಮು, ರಿಕಾಪು.

ಜೆಸ್ಸೋ ನಮಗೆ ಅಪರಿಚಿತವೇನಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ದೇವರ ಮೂರ್ತಿ, ವಾಹನಗಳನ್ನು ಮಾಡುವಾಗ ಹಗುರವಾದ ಮರದ ಮೇಲೆ ಇಂಥದೇ ಮೈ ಕಟ್ಟುತ್ತಾರೆ. ನೆನೆಸಿ ಒಣಗಿಸಿ ಪುಡಿ ಮಾಡಿದ ಗೋಣಿನಾರು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಕಲಸಿದ ‘ಕಿಟ್ಟ’ದಿಂದ ಸಂದುಗಳನ್ನು ತುಂಬಿ, ಅದರ ಮೇಲೆ ಬಿಳಿ, ಬಿಳಿಯ ಮೇಲೆ ಬಣ್ಣ. ಲಂಡನ್ನಿನ ಬಡಗಿಗೂ ಕಿನ್ನಾಳದ ಚಿತ್ರಗಾರನಿಗೂ ಪರಿಚಯವಿರಲಿಲ್ಲ, ಆದರೆ ಮರದ ಸ್ವಭಾವ ಇಬ್ಬರಿಗೂ ಒಂದೇ ಪಾಠ ಕಲಿಸಿತ್ತು. ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಅದಕ್ಕೂ ಬಣ್ಣಕ್ಕೂ ನಡುವೆ ಒಂದು ಮೃದುವಾದ ಚರ್ಮ ಬೇಕು.

ಆ ಶನಿವಾರ ನಾವು ಉಜ್ಜಿ ತೆಗೆದ ಬಿಳಿಯ ಹುಡಿ ಈ ಚರ್ಮವೇ. ಕೆನೆ ಬಣ್ಣದ ಜೊತೆ ಅದರ ಕೆಳಗಿದ್ದ ಮೂಲ ಬಣ್ಣ, ಮಚ್ಚೆ, ಜೆಸ್ಸೋ ಎಲ್ಲವೂ ಗ್ಯಾರೇಜಿನ ನೆಲ ಸೇರಿದ್ದವು. ಕಸುಬಿನವರ ಮೊದಲ ಪ್ರಶ್ನೆ ಅದಕ್ಕಾಗಿ. ಎರಡನೆಯ ಪ್ರಶ್ನೆ ಇನ್ನೂ ಗಂಭೀರವಾದದ್ದು. ಆ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅದರ ಹುಡಿ ಉಸಿರಿನಲ್ಲೋ, ಬೆರಳಿನ ಮೂಲಕ ಬಾಯಿಗೋ ಹೋದರೆ ಮಕ್ಕಳ ಮೆದುಳಿನ ಬೆಳವಣಿಗೆಗೇ ಅಪಾಯ. ಅಮೆರಿಕದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು 1978ರಲ್ಲಿ ನಿಷೇಧಿಸಿದರು. ಬ್ರಿಟನ್ನಿನಲ್ಲಿ ಸಾರ್ವಜನಿಕರಿಗೆ ಸೀಸದ ಬಣ್ಣ ಮಾರುವುದನ್ನು 1992ರಲ್ಲಿ ನಿಲ್ಲಿಸಿದರು. ಅಂದರೆ ಹಳೆಯ ಆಟಿಕೆ ಯಾವುದೇ ಇರಲಿ, ಸೀಸವಿದೆಯೆಂದು ಮೊದಲೇ ಭಾವಿಸಿ ನಡೆಯುವುದು ಕ್ಷೇಮ. ನಮ್ಮ ಪುಣ್ಯಕ್ಕೆ ಮಕ್ಕಳು ಆ ದಿನ ಈಜು ತರಗತಿಗೆ ಹೋಗಿದ್ದರು. ಆದರೂ ಅವರ ರಕ್ತ ಪರೀಕ್ಷೆಯ ಫಲಿತಾಂಶ ಬರುವ ತನಕ ನಮಗೆ ನಿದ್ರೆ ಇರಲಿಲ್ಲ. ಫಲಿತಾಂಶ ಚೆನ್ನಾಗಿಯೇ ಬಂತು.

ಅಟ್ಟ ಸೇರಿದ ಕಾಲ

ಇಪ್ಪತ್ತನೆಯ ಶತಮಾನ ತೂಗುಕುದುರೆಗೆ ಒಳ್ಳೆಯದಾಗಲಿಲ್ಲ. ಬೀದಿಯಲ್ಲಿ ಕುದುರೆಗಾಡಿಯ ಬದಲು ಮೋಟಾರು ಬಂದಾಗ ಮಕ್ಕಳಿಗೂ ಪೆಡಲ್ ಕಾರು ಬೇಕಾಯಿತು. ಮನೆಗಳು ಚಿಕ್ಕವಾದವು. ಏರ್ಸ್ ಕಂಪನಿಯನ್ನು 1940ರಲ್ಲಿ ಇನ್ನೊಂದು ಕ್ರೀಡಾ ಸಾಮಗ್ರಿಯ ಸಂಸ್ಥೆ ಕೊಂಡುಕೊಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೈನ್ಸ್ ಬ್ರದರ್ಸ್ ಆಟಿಕೆ ಬಿಟ್ಟು ಸ್ಟೆನ್ ಬಂದೂಕುಗಳನ್ನು ಮಾಡಿತು. ಯುದ್ಧಾನಂತರ ಒತ್ತಿದ ಉಕ್ಕಿನ ತಗಡಿನ ಕುದುರೆಗಳು, ಆಮೇಲೆ ಪ್ಲಾಸ್ಟಿಕ್ ಕುದುರೆಗಳು ಬಂದವು. 1971ರಲ್ಲಿ ಲೈನ್ಸ್ ಬ್ರದರ್ಸ್ ಕೂಡ ಮುಳುಗಿತು. ಮರದ ಕುದುರೆಗಳು ಅಟ್ಟ, ಗ್ಯಾರೇಜು, ತೋಟದ ಗುಡಿಸಲು ಸೇರಿದವು.

ಅಟ್ಟದಲ್ಲಿದ್ದವುಗಳೇ ಭಾಗ್ಯಶಾಲಿಗಳು ಎನ್ನಬೇಕು. ಏಕೆಂದರೆ ಹಳೆಯ ಪೈನ್ ಮರದ ಪೀಠೋಪಕರಣಗಳ ಬಣ್ಣ ಕಿತ್ತು ಬರಿಯ ಮರವನ್ನು ತೋರಿಸುವ ಫ್ಯಾಷನ್ ಒಂದು ಕಾಲದಲ್ಲಿ ಈ ದೇಶದಲ್ಲಿ ಹಬ್ಬಿತ್ತು. ಬಾಗಿಲು, ಕಪಾಟುಗಳ ಜೊತೆ ಕುದುರೆಗಳನ್ನೂ ಕಾಸ್ಟಿಕ್ ಸೋಡಾದ ತೊಟ್ಟಿಯಲ್ಲಿ ಮುಳುಗಿಸಿದರು. ಬಣ್ಣ ಹೋಯಿತು, ಜೆಸ್ಸೋ ಕರಗಿತು, ಮರವಜ್ರ ಸಡಿಲವಾಗಿ ಬೆಸುಗೆಗಳು ಬಿಚ್ಚಿಕೊಂಡವು. ಬರಿಮೈಯ ಕುದುರೆ ನೋಡಲು ‘ಸಹಜ’ವಾಗಿ ಕಂಡಿತು. ಆದರೆ ಅದನ್ನು ಮಾಡಿದವನು ಎಂದೂ ಅದನ್ನು ಹಾಗೆ ಮಾರಿರಲಿಲ್ಲ!

ಇದರ ನಡುವೆ ಕಸುಬು ಪೂರ್ತಿ ಸಾಯಲಿಲ್ಲವೆಂಬುದು ಸಮಾಧಾನ. 1970ರ ದಶಕದಿಂದೀಚೆಗೆ ಯಾರ್ಕ್‌ಶೈರಿನಲ್ಲಿ, ಕೆಂಟಿನಲ್ಲಿ, ಇನ್ನೂ ಕೆಲವೆಡೆ ಉಳಿ ಹಿಡಿದ ಹೊಸಬರು ಹುಟ್ಟಿಕೊಂಡರು. ಕೆಂಟಿನ ಬೆದರ್ಸ್‌ಡೆನ್ ಎಂಬ ಹಳ್ಳಿಯಲ್ಲಿ ಸ್ಟೀವನ್‌ಸನ್ ಸಹೋದರರು 1982ರಲ್ಲಿ ಕೆಲಸ ಆರಂಭಿಸಿದರು. ಹೊಸ ಕುದುರೆ ಕೆತ್ತುವುದರ ಜೊತೆಗೆ ಹಳೆಯದನ್ನು ಸರಿಪಡಿಸುವುದೂ ಇಂಥವರ ಕಸುಬಿನ ಭಾಗ.

ಕೆರೆಯಬೇಕೇ, ಬೇಡವೇ?

ಹಳೆಯದನ್ನು ಹೊಸತು ಮಾಡಬೇಕೇ, ಇದ್ದಂತೆ ಕಾಪಾಡಬೇಕೇ ಎಂಬ ಜಗಳ ಈ ದೇಶದಲ್ಲಿ ಬಹಳ ಹಳೆಯದು. ವಿಕ್ಟೋರಿಯಾ ಕಾಲದಲ್ಲಿ ಚರ್ಚುಗಳನ್ನು ‘ಮೂಲ ಸ್ಥಿತಿ’ಗೆ ತರುತ್ತೇವೆಂದು ಗೋಡೆಯ ಹಳೆಯ ಗಾರೆ ಕೆರೆದು, ನಡುವಿನ ಶತಮಾನಗಳ ಕೆಲಸವನ್ನು ಕಿತ್ತು ಹಾಕುತ್ತಿದ್ದರು. ಇದನ್ನು ವಿರೋಧಿಸಿ ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆಂದು ಒಂದು ಸಂಘ ಕಟ್ಟಿದರು. ಅದಕ್ಕೆ ಬಿದ್ದ ಅಡ್ಡಹೆಸರು ‘ಆಂಟಿ-ಸ್ಕ್ರೇಪ್’, ಅಂದರೆ ಕೆರೆಯುವುದರ ವಿರೋಧಿಗಳು. ಕಟ್ಟಡವೊಂದು ಬಾಳಿದ ಎಲ್ಲ ಕಾಲವೂ ಅದರ ಚರಿತ್ರೆಯೇ, ಒಂದು ಕಾಲವನ್ನು ಮಾತ್ರ ನಿಜವೆಂದು ಆರಿಸಿ ಉಳಿದುದನ್ನು ಅಳಿಸುವ ಹಕ್ಕು ನಮಗಿಲ್ಲ ಎಂಬುದು ಅವರ ವಾದದ ತಿರುಳು.

ಇನ್ನೊಂದು ಮಗ್ಗುಲೂ ಇದೆ. ನಮ್ಮ ದೇವಸ್ಥಾನಗಳ ಕುದುರೆ ವಾಹನಕ್ಕೆ ಆಗಾಗ ಹೊಸ ಬಣ್ಣ ಬೀಳುತ್ತದೆ. ಉತ್ಸವದಲ್ಲಿ ದೇವರನ್ನು ಹೊರುವ ಕುದುರೆ ಬಣ್ಣಗೆಟ್ಟು, ಕಾಲು ಸಡಿಲವಾಗಿ ಇರಬಾರದು. ಅದು ಕೆಲಸದ ಕುದುರೆ, ವಸ್ತುಸಂಗ್ರಹಾಲಯದ್ದಲ್ಲ. ಮಗುವನ್ನು ಹೊರುವ ಕುದುರೆಯೂ ಹಾಗೆಯೇ. ಕಾಲು ಮುರಿದ, ಮುಟ್ಟಬಾರದ ಕುದುರೆಯನ್ನು ಮೂಲೆಯಲ್ಲಿಟ್ಟು ಪೂಜಿಸಿದರೆ ಅದು ಆಟಿಕೆ ಹೇಗಾದೀತು?

ಇವೆರಡನ್ನೂ ತೂಗಿ ನೋಡಿ ಕಸುಬಿನವರು ನಮಗೆ ಹೇಳಿದ ಸೂತ್ರ ಸರಳವಾದದ್ದು. ಭಾರ ಹೊರುವ ಭಾಗವನ್ನು ಧೈರ್ಯವಾಗಿ ಗಟ್ಟಿ ಮಾಡಿ. ಕಣ್ಣಿಗೆ ಕಾಣುವ ಭಾಗಕ್ಕೆ ಅಂಜುತ್ತಾ ಕೈ ಹಾಕಿ. ಮುರಿದ ಕಾಲನ್ನು ಮತ್ತೆ ಮಾಡಬಹುದು, ನೂರು ವರ್ಷದ ಬಣ್ಣವನ್ನು ಮತ್ತೆ ಮಾಡಲಾಗುವುದಿಲ್ಲ.

ಕೆಲಸದ ಕ್ರಮ

ಅವರ ಕೈಕೆಳಗೆ ಮುಂದಿನ ಚಳಿಗಾಲವಿಡೀ ಕೆಲಸ ಮಾಡಿದೆವು. ಮೊದಲು ಎಲ್ಲ ಕಡೆಯಿಂದ ಫೋಟೋ, ಒಂದು ನೋಟ್‌ಬುಕ್ಕಿನಲ್ಲಿ ಟಿಪ್ಪಣಿ. ಆಮೇಲೆ ಬಲಗಡೆಯ ಹೊಟ್ಟೆಯ ಮೇಲೆ ಅಂಚೆಚೀಟಿಯಷ್ಟು ಜಾಗದಲ್ಲಿ ಶಸ್ತ್ರವೈದ್ಯರ ಚೂರಿಯಿಂದ ಒಂದೊಂದೇ ಪದರವನ್ನು ಬಿಡಿಸಿ ನೋಡಿದೆವು. ಮೇಲೆ ಕೆನೆ, ಅದರ ಕೆಳಗೆ ಗಾಢ ಹಸಿರು, ಅದರ ಕೆಳಗೆ ಹಳದಿಗಟ್ಟಿದ ವಾರ್ನಿಷ್, ಅದರಡಿ ಬೂದು ಮಚ್ಚೆ! ಎಡಗತ್ತಿನಲ್ಲಿ ನಾವು ಕಳೆದದ್ದೇನೆಂದು ಕಣ್ಣಾರೆ ಕಂಡದ್ದು ಆಗ.

ಸೀಸದ ಕಾರಣ ಒಣಗಿದ ಬಣ್ಣವನ್ನು ಉಜ್ಜುವುದು ಸಂಪೂರ್ಣ ನಿಷಿದ್ಧ. ಕೆಲಸದ ಕೋಣೆಗೆ ಮಕ್ಕಳಿಗೆ ಪ್ರವೇಶವಿಲ್ಲ. ಸರಿಯಾದ ಮುಖವಾಡ, ಕೈಗವಸು, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಬಿದ್ದ ಚೂರುಗಳನ್ನು ಪೊಟ್ಟಣ ಕಟ್ಟುವುದು, ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಯುವುದು.

ಬೆಸುಗೆಗಳು ಬಿಟ್ಟಿದ್ದ ಕಡೆ ಮತ್ತೆ ಮರವಜ್ರವನ್ನೇ ಬಳಸಿದೆವು. ಅಂಗಡಿಯಲ್ಲಿ ಸಿಗುವ ಹೊಸ ಅಂಟು ಇನ್ನೂ ಗಟ್ಟಿ ನಿಜ. ಆದರೆ ಮರವಜ್ರವನ್ನು ಬಿಸಿ ಮತ್ತು ತೇವ ಕೊಟ್ಟು ಮುಂದೆ ಇನ್ನೊಬ್ಬರು ಬಿಚ್ಚಬಹುದು, ಹೊಸ ಅಂಟನ್ನು ಬಿಚ್ಚಲಾಗದು. ಹೊಟ್ಟೆಯ ಹಲಗೆಗಳ ನಡುವೆ ಬಿರುಕು ಬಿಟ್ಟದ್ದಕ್ಕೆ ಕಾರಣ ನಮ್ಮ ಮನೆಗಳ ಸೆಂಟ್ರಲ್ ಹೀಟಿಂಗ್. ಮರದ ಯಾವ ಹಳೆಯ ವಸ್ತುವನ್ನೂ ರೇಡಿಯೇಟರಿನ ಪಕ್ಕ ಇಡಬಾರದೆಂಬುದನ್ನು ಆಗ ಕಲಿತೆವು.

ಮುರಿದ ಕಿವಿಗೆ ಪೈನ್ ಮರದ ತುಂಡನ್ನು ಹಳೆಯ ಮರದ ಎಳೆಗೆ ಎಳೆ ಹೊಂದುವಂತೆ ಕೂಡಿಸಿ ಕೆತ್ತಿದ್ದಾಯಿತು. ಬಾಲವಿದ್ದ ಜಾಗದಲ್ಲಿ ಹೊಟ್ಟೆಯ ಟೊಳ್ಳಿನ ತನಕ ತೂತಿತ್ತು. ಬಾಲ ಕಿತ್ತುಹೋದ ಕುದುರೆಗಳಿಗೆ ಮಕ್ಕಳು ಆ ತೂತಿನ ಮೂಲಕ ಏನೇನನ್ನೋ ‘ತಿನ್ನಿಸುವುದು’ ಸಾಮಾನ್ಯವಂತೆ. ನಮ್ಮ ಕುದುರೆಯನ್ನು ಅಲುಗಾಡಿಸಿದಾಗ ಒಂದು ಪೆನ್ಸಿಲ್ ತುಂಡು, ಎರಡು ಅಂಗಿಯ ಗುಂಡಿ ಉದುರಿದವು. ಅವನ್ನು ಒಂದು ಲಕೋಟೆಯಲ್ಲಿ ಹಾಕಿ ಇಟ್ಟಿದ್ದೇವೆ. ಜೀನಿನ ಹಳೆಯ ಚರ್ಮವನ್ನು ಬದಲಿಸದೆ ಶುದ್ಧಿ ಮಾಡಿ ಹಿಂದಿನ ಮೊಳೆಯ ತೂತುಗಳಲ್ಲೇ ಮತ್ತೆ ಕೂರಿಸಿದೆವು. ಪೀಠದ ಮೇಲೆ ತಯಾರಕರ ಚೀಟಿ ಉಳಿದಿರಲಿಲ್ಲ. ಕೆತ್ತನೆ ನೋಡಿ ಇಂಥವರದೆಂದು ಊಹಿಸಬಹುದಾಗಿತ್ತು, ಆದರೆ ಊಹೆಯನ್ನು ಹೆಸರಾಗಿ ಬರೆಯುವುದು ಬೇಡವೆಂದು ಬಿಟ್ಟೆವು.

ನಮ್ಮ ಮನೆಗಳಲ್ಲಿರುವ ಕುದುರೆಗಳು

ಇದನ್ನೆಲ್ಲ ಓದಿ, “ನಮ್ಮ ಮನೆಯಲ್ಲಿ ಇಂಗ್ಲಿಷರ ಕುದುರೆ ಎಲ್ಲಿದೆ?” ಎಂದು ಕೆಲವರು ಕೇಳಬಹುದು. ಆದರೆ ಬಳಗದ ಅನೇಕ ಮನೆಗಳಲ್ಲಿ ಚನ್ನಪಟ್ಟಣದ ಗೊಂಬೆಗಳಿವೆ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಬಸ್ಸು ನಿಂತಾಗ ಕೊಂಡ ಕೆಂಪು ಹಳದಿ ಆಟಿಕೆಗಳು, ಅಂಗಡಿಗಳ ಮುಂದೆ ಸಾಲಾಗಿ ನಿಂತಿರುತ್ತಿದ್ದ ತೂಗುಕುದುರೆಗಳು ನಮ್ಮ ಪೀಳಿಗೆಯ ಯಾರಿಗೆ ತಾನೇ ನೆನಪಿಲ್ಲ? 2023ರಲ್ಲಿ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ತೆರೆದ ಮೇಲೆ ವಾಹನಗಳು ಊರನ್ನು ಬಳಸಿ ಹೋಗತೊಡಗಿ, ರಸ್ತೆಬದಿಯ ವ್ಯಾಪಾರಕ್ಕೆ ಪೆಟ್ಟು ಬಿದ್ದಿದೆ. ರಜೆಗೆ ಹೋದಾಗ ಹಳೆಯ ರಸ್ತೆಗೆ ಇಳಿದು ಹೋಗಿ ಎಂಬುದು ನಮ್ಮ ವಿನಂತಿ.

ಚನ್ನಪಟ್ಟಣದ ಕಡೆದ ಆಟಿಕೆಗಳ ಬಣ್ಣ ಲಂಡನ್ನಿನ ಕುದುರೆಯ ಬಣ್ಣದಂತಲ್ಲ. ಹಾಲೆ ಮರದ ತುಂಡು ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ತಾಳೆಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಅರಗು ಸ್ಪಿರಿಟ್ಟಿನಲ್ಲಿ ಕರಗುವ ವಸ್ತು. ಆದ್ದರಿಂದ ಮಂಕಾದ ಹಳೆಯ ಗೊಂಬೆಗಳನ್ನು ಸ್ಯಾನಿಟೈಸರ್ ಅಥವಾ ಸ್ಪಿರಿಟ್ ಹಾಕಿ ಒರೆಸಬೇಡಿ, ನೀರಿನಲ್ಲಿ ನೆನೆಸಬೇಡಿ. ಒಣಗಿದ ಮೆತ್ತನೆಯ ಬಟ್ಟೆ ಸಾಕು. ಪ್ರತಿ ಕಸುಬಿಗೂ ಅದರದೇ ಚರ್ಮ, ಪ್ರತಿ ಚರ್ಮಕ್ಕೂ ಅದರದೇ ಮದ್ದು.

ಹಸಿರು ಕುದುರೆ

ಬಲಗಡೆಯ ಮಚ್ಚೆ ಮುಕ್ಕಾಲು ಭಾಗ ಹೊರಬಂದಾಗ ಸಂಭ್ರಮದಿಂದ ಫೋಟೋ ತೆಗೆದು ವೃದ್ಧಾಶ್ರಮಕ್ಕೆ ಹೋಗಿ ಅಜ್ಜಿಗೆ ತೋರಿಸಿದೆವು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಚೆನ್ನಾಗಿದೆ. ಆದರೆ ಇದು ಯಾರ ಕುದುರೆ?” ಎಂದರು.

ಮಚ್ಚೆಯ ಕುದುರೆಯನ್ನು ಅವರು ನೋಡಿಯೇ ಇರಲಿಲ್ಲ. ಅದು ಅವರ ತಾಯಿಯ ಕಾಲದ್ದು. ಯುದ್ಧ ಮುಗಿದ ವರ್ಷ ಅವರ ತಂದೆ ಮನೆಗೆ ಬಂದು, ಬೇಲಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನು ಮಗಳ ಹುಟ್ಟುಹಬ್ಬಕ್ಕೆಂದು ಈ ಕುದುರೆಗೆ ಬಳಿದಿದ್ದರಂತೆ. ಕೆನೆ ಬಣ್ಣ ಬಳಿದದ್ದು ಅಜ್ಜಿಯೇ, ತಮ್ಮ ಮಕ್ಕಳಿಗಾಗಿ. “ನನ್ನದು ಹಸಿರು ಕುದುರೆ. ಅದು ಸ್ವಲ್ಪವಾದರೂ ಉಳಿದಿದೆಯೇ?” ಎಂದು ಕೇಳಿದರು.

ನಾವು ಮತ್ತೊಮ್ಮೆ ಅದೇ ತಪ್ಪಿನ ಅಂಚಿನಲ್ಲಿದ್ದೆವು. ಈ ಸಲ ಕೈಯಲ್ಲಿ ಉಪ್ಪುಕಾಗದವಿರಲಿಲ್ಲ, ಸೂಕ್ಷ್ಮವಾದ ಚೂರಿಯಿತ್ತು, ಅಷ್ಟೇ ವ್ಯತ್ಯಾಸ. ಹಳೆಯದೇ ನಿಜ, ನಡುವಿನದು ಕೊಳೆ ಎಂದು ತೀರ್ಮಾನಿಸಿದ್ದೆವು. ವಿಲಿಯಂ ಮಾರಿಸ್ ಹೇಳಿದ್ದನ್ನು ಓದಿದ್ದೆವು, ಆದರೆ ಅರ್ಥವಾದದ್ದು ವೃದ್ಧಾಶ್ರಮದ ಆ ಕುರ್ಚಿಯ ಪಕ್ಕದಲ್ಲಿ.

ಮನೆಗೆ ಬಂದು ಕೆಲಸ ನಿಲ್ಲಿಸಿದೆವು. ಈಗ ಕುದುರೆ ನಮ್ಮ ಮುಂಗೋಣೆಯಲ್ಲಿದೆ. ಬಲಗಡೆ ಬೂದು ಮಚ್ಚೆ. ಹಿಂದಿನ ತೊಡೆಯಿಂದ ಗೊರಸಿನ ತನಕ ಅಜ್ಜಿಯ ತಂದೆಯ ಹಸಿರು. ಹೊಟ್ಟೆಯಡಿಯಲ್ಲಿ ಅಂಗೈಯಗಲ ಕೆನೆ. ಎಡಗತ್ತಿಗೆ ಹೊಸ ಜೆಸ್ಸೋ, ಅದರ ಮೇಲೆ ಮಚ್ಚೆಯಿಲ್ಲದ ಬರಿಯ ಬೂದು ಬಣ್ಣ. ಅಲ್ಲಿದ್ದದ್ದನ್ನು ನಾವು ಕಳೆದೆವೆಂಬುದು ನೋಡಿದವರಿಗೆ ತಿಳಿಯಲೆಂದು. ಉಳಿದ ಹಳೆಯ ಬಣ್ಣದ ಮೇಲೆಲ್ಲ, ಮಕ್ಕಳ ಕೈಗೆ ಸೀಸ ತಗಲದಂತೆ, ಬೇಕಾದಾಗ ತೆಗೆಯಬಹುದಾದ ವಾರ್ನಿಷ್ಷಿನ ಕವಚವಿದೆ. ಆದರೂ ವರ್ಷಕ್ಕೊಮ್ಮೆ ಪರೀಕ್ಷಿಸುತ್ತೇವೆ. ಬಾಯಿಗೆ ವಸ್ತು ಹಾಕುವ ವಯಸ್ಸಿನ ಮಕ್ಕಳನ್ನು ಹತ್ತಿರ ಬಿಡುವುದಿಲ್ಲ.

ಮನೆಗೆ ಬಂದ ನೆಂಟರು, “ಇದೇಕೆ ಹೀಗೆ ಅರ್ಧಂಬರ್ಧ ಬಿಟ್ಟಿದ್ದೀರಿ?” ಎಂದು ಕೇಳುವುದು ತಪ್ಪುವುದಿಲ್ಲ. ಕೂರಿಸಿ ಕಥೆ ಹೇಳುತ್ತೇವೆ. ಅಜ್ಜಿಯ ಕೊನೆಯ ಕ್ರಿಸ್‌ಮಸ್ಸಿಗೆ ಅವರನ್ನು ಮನೆಗೆ ಕರೆತಂದಿದ್ದೆವು. ಅವರು ಮಚ್ಚೆಯ ಕಡೆ ನೋಡಲೂ ಇಲ್ಲ. ಬಗ್ಗಿ, ಹಸಿರು ಕಾಲನ್ನು ಒಮ್ಮೆ ಸವರಿ, ಚಹಾ ಕೇಳಿದರು.